ಡೆಪ್ತ್ ಕ್ಯಾಮೆರಾದ ಅಂಕಿಗಳನ್ನು ಬೂದು ಚಿತ್ರವಾಗಿ ತೋರಿಸುವುದು: ಯಾವ ಕೆಲಸಕ್ಕೆ ಯಾವ ದಾರಿ

ದೂರ ಅಳೆಯುವ ಡೆಪ್ತ್ ಕ್ಯಾಮೆರಾವನ್ನು ಮೊದಲ ಸಲ ಕಂಪ್ಯೂಟರಿಗೆ ಜೋಡಿಸಿ, ಬಂದ ಫ್ರೇಮನ್ನು ಹಾಗೆಯೇ ವಿಂಡೋದಲ್ಲಿ ತೋರಿಸಲು ಹೊರಟವರಿಗೆ ಸಾಮಾನ್ಯವಾಗಿ ಎರಡರಲ್ಲೊಂದು ಕಾಣುತ್ತದೆ. ಒಂದೋ ಇಡೀ ಚಿತ್ರ ಕಗ್ಗತ್ತಲು. ಇಲ್ಲವೇ ನೆಲದ ಮೇಲೆಲ್ಲ ಕಪ್ಪು ಬಿಳಿ ಪಟ್ಟಿಗಳು, ಎದುರು ನಿಂತ ಮನುಷ್ಯನ ಮೈಮೇಲೆ ಮರವನ್ನು ಅಡ್ಡ ಕೊಯ್ದಾಗ ಕಾಣುವಂಥ ಉಂಗುರಗಳು. ಕ್ಯಾಮೆರಾ ಕೆಟ್ಟಿದೆ ಎಂದುಕೊಂಡು ಕೇಬಲ್ ಬದಲಿಸಿದವರನ್ನು, ಡ್ರೈವರ್ ಮತ್ತೆ ಹಾಕಿಕೊಂಡವರನ್ನು ನಾನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ಕ್ಯಾಮೆರಾ ಎರಡೂ ಸಲ ಸರಿಯಾಗಿಯೇ ಇರುತ್ತದೆ; ಎಡವಿರುವುದು ಅಂಕಿಯನ್ನು ಛಾಯೆಯಾಗಿ ಬದಲಿಸುವ ಒಂದೇ ಒಂದು ಸಾಲಿನಲ್ಲಿ.

ಆದ್ದರಿಂದ ಇಲ್ಲಿ ಹೋಲಿಕೆ ಎರಡು ಮಟ್ಟದಲ್ಲಿದೆ. ದೂರವನ್ನು ಯಾವ ನಿಯಮದಿಂದ ಬೂದು ಮಾಡುವುದು ಎಂಬುದು ಮೊದಲನೆಯದು. ಆ ಕೆಲಸವನ್ನು ಎಲ್ಲಿ, ಯಾವ ಟೂಲ್‌ಕಿಟ್‌ನಿಂದ (ವಿಂಡೋ, ಚಿತ್ರ ಬಿಡಿಸುವ ಸಿದ್ಧ ಕೋಡ್‌ನಿಂದ) ಮಾಡುವುದು ಎಂಬುದು ಎರಡನೆಯದು. ಹೆಚ್ಚಿನವರು ಎರಡನೆಯದಕ್ಕೇ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಮೊದಲನೆಯದು ಸರಿಯಾದರೆ ಎರಡನೆಯದು ಅರ್ಧ ದಿನದ ಕೆಲಸ.

ಬಂದಿರುವ ಅಂಕಿ ಏನು?

ಸಾಮಾನ್ಯ ಕ್ಯಾಮೆರಾದ ಪಿಕ್ಸೆಲ್ ಬೆಳಕನ್ನು ಹೇಳುತ್ತದೆ, ಡೆಪ್ತ್ ಕ್ಯಾಮೆರಾದ ಪಿಕ್ಸೆಲ್ ದೂರವನ್ನು ಹೇಳುತ್ತದೆ. ಬಹುಪಾಲು ಕ್ಯಾಮೆರಾಗಳು ಒಂದು ಪಿಕ್ಸೆಲ್‌ಗೆ 16 ಬಿಟ್ ಕೊಡುತ್ತವೆ, ಅಂದರೆ 0ಯಿಂದ 65535ರವರೆಗಿನ ಒಂದು ಪೂರ್ಣಾಂಕ. ಅದು ಮಿಲಿಮೀಟರ್ ಎಂದು ಕಣ್ಣು ಮುಚ್ಚಿ ನಂಬಬೇಡಿ. 2010ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಡೆಪ್ತ್ ಕ್ಯಾಮೆರಾ, ಮೊದಲ ಕೈನೆಕ್ಟ್‌ನ ವಿಂಡೋಸ್ ಎಸ್‌ಡಿಕೆಯಲ್ಲಿ, ಅಂದರೆ ಪ್ರೋಗ್ರಾಮ್ ಬರೆಯುವವರಿಗೆ ಕೊಟ್ಟ ಸಲಕರಣೆಯಲ್ಲಿ, 16 ಬಿಟ್‌ಗಳ ಪೈಕಿ ಕೆಳಗಿನ 3 ಬಿಟ್‌ಗಳು ಯಾವ ವ್ಯಕ್ತಿ ಎಂಬುದನ್ನು ಹೇಳುತ್ತಿದ್ದವು, ಮೇಲಿನ 13 ಮಾತ್ರ ದೂರ. ಮೂರು ಬಿಟ್ ಬಲಕ್ಕೆ ಸರಿಸುವುದನ್ನು ಮರೆತರೆ ಎರಡು ಮೀಟರ್ ದೂರದ ಕುರ್ಚಿ ಹದಿನಾರು ಮೀಟರ್ ಆಚೆಗೆ ಹೋಗಿ ಕೂರುತ್ತಿತ್ತು. ಎರಡನೆಯ ಕೈನೆಕ್ಟ್ 512 ಅಡ್ಡ, 424 ಉದ್ದದ ಫ್ರೇಮಿನಲ್ಲಿ ನೇರವಾಗಿ ಮಿಲಿಮೀಟರ್ ಕೊಟ್ಟಿತು. ಇಂಟೆಲ್ ಹೊರತಂದ ರಿಯಲ್‌ಸೆನ್ಸ್ ಡಿ400 ಸರಣಿಯಲ್ಲಿ ಒಂದು ಎಣಿಕೆ ಎಂದರೆ ವಾಡಿಕೆಯಂತೆ ಒಂದು ಮಿಲಿಮೀಟರ್, ಆದರೆ ಆ ಅಳತೆಯನ್ನು ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. ಹಾಗಾಗಿ ಅಳತೆ ಎಷ್ಟೆಂದು ಕ್ಯಾಮೆರಾವನ್ನೇ ಕೇಳಿ ಗುಣಿಸಿಕೊಳ್ಳುವುದು ಕ್ಷೇಮ.

ಸೊನ್ನೆಯ ಕತೆಯೇ ಬೇರೆ. ಸೊನ್ನೆ ಎಂದರೆ 'ಮೂಗಿನ ತುದಿಯಲ್ಲೇ ಇದೆ' ಎಂದಲ್ಲ, 'ನನಗೆ ಗೊತ್ತಾಗಲಿಲ್ಲ' ಎಂದು. ಹೊಳೆಯುವ ಲೋಹ, ಗಾಜು, ಕಡುಗಪ್ಪು ಬಟ್ಟೆ, ವಸ್ತುವಿನ ಅಂಚಿನ ನೆರಳು, ತೀರಾ ಹತ್ತಿರ ಬಂದ ಕೈ ಎಲ್ಲ ಸೊನ್ನೆಯಾಗುತ್ತವೆ. ಈ ಸೊನ್ನೆ ಮುಂದೆ ಹೆಜ್ಜೆ ಹೆಜ್ಜೆಗೂ ಕಾಡುತ್ತದೆ.

ಇನ್ನೊಂದು ಮಾತು. ಈ ಕ್ಯಾಮೆರಾಗಳು ಕೊಡುವುದು ಲೆನ್ಸ್‌ನಿಂದ ಆ ಬಿಂದುವಿಗೆ ದಾರ ಕಟ್ಟಿ ಅಳೆದ ದೂರವನ್ನಲ್ಲ; ಕ್ಯಾಮೆರಾದ ಮುಖಕ್ಕೆ ಲಂಬವಾಗಿ ಅಳೆದ ದೂರವನ್ನು. ಎದುರಿಗೆ ನೇರವಾಗಿ ನಿಂತ ಗೋಡೆ ಮೂಲೆಯಿಂದ ಮೂಲೆಗೆ ಒಂದೇ ಬೂದು ಬಣ್ಣದಲ್ಲಿ ಕಾಣಬೇಕು. ಮೂಲೆಗಳು ಮಬ್ಬಾಗಿಲ್ಲವಲ್ಲ ಎಂದು 'ಸರಿಪಡಿಸಲು' ಹೋಗಬೇಡಿ.

ದೂರದಿಂದ ಛಾಯೆಗೆ

ಪರದೆಯ ಬೂದು ಬಣ್ಣಕ್ಕೆ ಸಾಮಾನ್ಯವಾಗಿ 256 ಮೆಟ್ಟಿಲು. ಸಾವಿರಾರು ಮಿಲಿಮೀಟರ್‌ಗಳನ್ನು ಈ 256 ಮೆಟ್ಟಿಲಿಗೆ ಇಳಿಸುವುದೇ ಇಡೀ ಆಟ.

ಎಲ್ಲಕ್ಕಿಂತ ಸುಲಭವಾದದ್ದು 16 ಬಿಟ್ ಸಂಖ್ಯೆಯನ್ನು ಸೀದಾ ಬೈಟ್‌ಗೆ ತುರುಕುವುದು. ಆಗ ಮೇಲಿನ ಎಂಟು ಬಿಟ್ ಉದುರಿಹೋಗಿ ಕೆಳಗಿನ ಎಂಟು ಉಳಿಯುತ್ತವೆ. 767 ಮಿಲಿಮೀಟರ್ ದೂರದ ಅಂಗೈ 255 ಆಗಿ ಅಚ್ಚಬಿಳಿ. ಅದನ್ನು ಒಂದೇ ಒಂದು ಮಿಲಿಮೀಟರ್ ಹಿಂದೆ ಸರಿಸಿದರೆ 768, ಅಂದರೆ ಬೈಟ್‌ನಲ್ಲಿ 0, ಅಚ್ಚಗಪ್ಪು. ಮೊದಲು ಹೇಳಿದ ಉಂಗುರಗಳು ಹುಟ್ಟುವುದು ಹೀಗೆ. ಪ್ರತಿ 256 ಮಿಲಿಮೀಟರಿಗೊಂದು ಉಂಗುರ. ತಮಾಷೆಯೆಂದರೆ ಮೊದಲ ಕೈನೆಕ್ಟ್‌ನ ಎಸ್‌ಡಿಕೆ ಜೊತೆಗೆ ಬಂದ ಮಾದರಿ ಪ್ರೋಗ್ರಾಮ್ ಇದನ್ನು ಬೇಕೆಂದೇ ಮಾಡುತ್ತಿತ್ತು. ಸೂಕ್ಷ್ಮ ವಿವರ ಉಳಿಯಲಿ, ಛಾಯೆ ಸುತ್ತು ಹೊಡೆದರೂ ಪರವಾಗಿಲ್ಲ ಎಂಬುದು ಅದರ ಲೆಕ್ಕಾಚಾರ. ಆ ವಾದದಲ್ಲಿ ಹುರುಳಿದೆ: ಒಂದು ಛಾಯೆಗೆ ಒಂದು ಮಿಲಿಮೀಟರ್ ಎಂಬ ನಿಖರತೆ ಬೇರಾವ ಸರಳ ವಿಧಾನದಲ್ಲೂ ಸಿಗದು. ಸಮತಟ್ಟಾದ ಹಲಗೆ ಎಷ್ಟು ಬಾಗಿದೆ ಎಂದು ನೋಡಬೇಕಾದರೆ ಪಟ್ಟಿಗಳು ಭೂಪಟದ ಸಮೋನ್ನತಿ ರೇಖೆಗಳಂತೆ ನೆರವಾಗುತ್ತವೆ. ಆದರೆ ಬಳಕೆದಾರರ ಮುಂದೆ ಇಡುವ ಚಿತ್ರಕ್ಕೆ ಇದು ಸಲ್ಲದು. ಯಾವುದು ಮುಂದೆ, ಯಾವುದು ಹಿಂದೆ ಎಂಬ ಮೂಲ ಪ್ರಶ್ನೆಗೇ ಅದು ಉತ್ತರ ಕೊಡುವುದಿಲ್ಲ.

ನಾನು ಕಣ್ಣು ಮುಚ್ಚಿ ಶಿಫಾರಸು ಮಾಡುವುದು ಸ್ಥಿರ ಮಿತಿಯ ಸರಳ ರೇಖೆಯನ್ನು. ಕೆಲಸಕ್ಕೆ ಬೇಕಾದ ಕನಿಷ್ಠ, ಗರಿಷ್ಠ ದೂರವನ್ನು ನೀವೇ ನಿಗದಿ ಮಾಡಿ, ನಡುವಿನದನ್ನು ಸಮನಾಗಿ ಹಂಚುವುದು. ಹತ್ತಿರದ್ದು ಬಿಳಿ, ದೂರದ್ದು ಕಪ್ಪು ಎಂದಿಟ್ಟುಕೊಳ್ಳಿ. ತಲೆಯ ಮೇಲೆ ದೀಪ ಕಟ್ಟಿಕೊಂಡು ಕತ್ತಲೆಯಲ್ಲಿ ನೋಡಿದಂತೆ ಕಾಣುವುದರಿಂದ ಕಣ್ಣು ಅದನ್ನು ತಕ್ಷಣ ಒಪ್ಪುತ್ತದೆ. 500ರಿಂದ 4500 ಮಿಲಿಮೀಟರ್‌ವರೆಗೆ ಹಂಚಿದರೆ ಒಂದು ಛಾಯೆಗೆ ಸುಮಾರು 15.7 ಮಿಲಿಮೀಟರ್ ಬೀಳುತ್ತದೆ. ಅಂದರೆ ಮುಖದಿಂದ ಮೂಗು ಮೂರು ಸೆಂಟಿಮೀಟರ್ ಮುಂದಿದ್ದರೂ ಎರಡೇ ಛಾಯೆಯ ವ್ಯತ್ಯಾಸ, ಮುಖ ಚಪ್ಪಟೆ ತಟ್ಟೆಯಂತೆ ಕಾಣುತ್ತದೆ. ಅದೇ ಮಿತಿಯನ್ನು 800ರಿಂದ 1200ಕ್ಕೆ ಇಳಿಸಿದರೆ ಒಂದು ಛಾಯೆಗೆ 1.57 ಮಿಲಿಮೀಟರ್, ಮೂಗು, ಹುಬ್ಬು, ತುಟಿ ಎಲ್ಲ ಎದ್ದು ನಿಲ್ಲುತ್ತವೆ. ಮಿತಿಯನ್ನು ಬದಲಿಸಲು ಎರಡು ಸ್ಲೈಡರ್ ಕೊಟ್ಟುಬಿಟ್ಟರೆ ದೂರುಗಳಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ನಿಲ್ಲುತ್ತವೆ.

ಇಲ್ಲೂ ಒಂದು ಸಣ್ಣ ಗುಂಡಿ ಇದೆ. ಎಂಟು ಮೀಟರನ್ನು 256ಕ್ಕೆ ಹಂಚಲು 8000ವನ್ನು 256ರಿಂದ ಭಾಗಿಸಿದರೆ ಬರುವುದು 31.25. ಪೂರ್ಣಾಂಕ ಭಾಗಾಕಾರದಲ್ಲಿ ಅದು 31. ಈಗ ಪ್ರತಿ ದೂರವನ್ನು 31ರಿಂದ ಭಾಗಿಸುತ್ತಾ ಹೋದರೆ 7936 ಮಿಲಿಮೀಟರ್ ಮುಟ್ಟಿದಾಗ ಉತ್ತರ 256 ಆಗಿ ಬೈಟ್ ಮತ್ತೆ ಸೊನ್ನೆಗೆ ಮರಳುತ್ತದೆ. ಕೋಣೆಯ ತುದಿಯ ಗೋಡೆಯಲ್ಲಿ ಮಾತ್ರ ವಿಚಿತ್ರ ತೇಪೆ ಕಂಡರೆ ಇದನ್ನೇ ಅನುಮಾನಿಸಿ. ಮಿತಿಯ ಹೊರಗಿನದನ್ನು ಮೊದಲು ಕತ್ತರಿಸಿ, ಆಮೇಲೆ ಭಾಗಿಸಿ.

ಮಿತಿಯನ್ನು ನಾವೇಕೆ ಹೇಳಬೇಕು, ಫ್ರೇಮಿನಲ್ಲೇ ಕನಿಷ್ಠ ಗರಿಷ್ಠ ಹುಡುಕಿ ಹಿಗ್ಗಿಸಿದರಾಯಿತಲ್ಲ ಎಂದು ಮುಂದಿನ ಯೋಚನೆ ಬರುತ್ತದೆ. ಒಂದೇ ಒಂದು ನಿಂತ ಚಿತ್ರಕ್ಕೆ ಇದು ಚೆನ್ನಾಗಿಯೇ ಇದೆ. ಚಲಿಸುವ ಚಿತ್ರಕ್ಕೆ ಕೈಕೊಡುತ್ತದೆ. ಪೆಟ್ಟಿಗೆಗಳ ಎತ್ತರ ನೋಡುವ ಅಪ್ಲಿಕೇಶನ್ ಒಂದರಲ್ಲಿ ನಾನು ಹೀಗೆ ಮಾಡಿದ್ದೆ. ಕ್ಯಾಮೆರಾ ಮೇಲಿನಿಂದ ಕೆಳಗೆ ನೋಡುತ್ತಿತ್ತು, ನೆಲ 2000 ಮಿಲಿಮೀಟರ್‌ನಲ್ಲಿ, ಅತಿ ಎತ್ತರದ ಪೆಟ್ಟಿಗೆಯ ಮೇಲ್ಭಾಗ 1500ರಲ್ಲಿ. ಆ ಪೆಟ್ಟಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಯಾರೋ ಪೆಟ್ಟಿಗೆ ಸರಿಸಲು ಬಗ್ಗಿದರು, ಅವರ ತಲೆ 600ಕ್ಕೆ ಬಂತು. ತಕ್ಷಣ ಕನಿಷ್ಠ 600 ಆಯಿತು, ಅದೇ ಪೆಟ್ಟಿಗೆ 255ರಿಂದ 91ಕ್ಕೆ ಕುಸಿದು ಮಂಕಾಯಿತು. ತಲೆ ಎತ್ತಿದಾಗ ಮತ್ತೆ ಬಿಳಿ. ಪೆಟ್ಟಿಗೆ ಅಲುಗಾಡಿಯೇ ಇರಲಿಲ್ಲ. ನೋಡುತ್ತಿದ್ದವರು 'ಪೆಟ್ಟಿಗೆ ಕುಗ್ಗುತ್ತಿದೆ' ಎಂದು ಬರೆದು ಕಳುಹಿಸಿದ್ದರು, ಅವರ ತಪ್ಪೇನೂ ಇಲ್ಲ. ಕನಿಷ್ಠ ಹುಡುಕುವಾಗ ಸೊನ್ನೆಗಳನ್ನು ಬಿಡಲು ಮರೆತರಂತೂ ಕನಿಷ್ಠ ಯಾವಾಗಲೂ ಸೊನ್ನೆಯೇ.

ತಾನಾಗಿಯೇ ಹೊಂದಿಕೊಳ್ಳುವ ಮಿತಿ ಬೇಕೇ ಬೇಕು ಎನ್ನುವವರು ತುದಿಯ ಅಂಕಿಗಳನ್ನು ಬಿಟ್ಟು, ನೂರರಲ್ಲಿ ಕೆಳಗಿನ ಎರಡು ಮೇಲಿನ ಎರಡು ಭಾಗವನ್ನು ಕಡೆಗಣಿಸಿ ಮಿತಿ ಹುಡುಕಲಿ. ಹೊಸ ಮಿತಿಗೆ ಒಮ್ಮೆಲೇ ಜಿಗಿಯದೆ ಪ್ರತಿ ಫ್ರೇಮಿನಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಸರಿಯಲಿ. ಮಿನುಗು ನಿಲ್ಲುತ್ತದೆ. ಆದರೂ ಈಗಿನ ಬೂದಿಗೂ ಒಂದು ನಿಮಿಷದ ಹಿಂದಿನ ಬೂದಿಗೂ ಒಂದೇ ಅರ್ಥ ಎಂಬ ಭರವಸೆ ಇರುವುದಿಲ್ಲ.

ಹಿಸ್ಟೋಗ್ರಾಮ್ ಸಮೀಕರಣ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯಾವ ದೂರದಲ್ಲಿ ಹೆಚ್ಚು ಪಿಕ್ಸೆಲ್‌ಗಳಿವೆಯೋ ಆ ದೂರಕ್ಕೆ ಹೆಚ್ಚು ಛಾಯೆ. ಓಪನ್‌ಎನ್‌ಐ ಎಂಬ ಡೆಪ್ತ್ ಕ್ಯಾಮೆರಾ ಲೈಬ್ರರಿಯ ಜೊತೆ ಬರುತ್ತಿದ್ದ ಸರಳ ವೀಕ್ಷಕ ಇದನ್ನೇ ಬಳಸುತ್ತಿತ್ತು. ರಿಯಲ್‌ಸೆನ್ಸ್‌ನ ಬಣ್ಣ ಹಾಕುವ ಸಾಧನದಲ್ಲೂ ಈ ಆಯ್ಕೆ ಇದೆ. ಚಿತ್ರ ನೋಡಲು ಬಲು ಸೊಗಸು. ಪ್ರದರ್ಶನಕ್ಕೆ ಇಟ್ಟರೆ ಎಲ್ಲರೂ ತಲೆದೂಗುತ್ತಾರೆ. ಆದರೆ ದೂರದ ಅಳತೆಯನ್ನು ಅದು ಪೂರ್ತಿ ನುಂಗಿಹಾಕುತ್ತದೆ: ಎರಡು ವಸ್ತುಗಳ ನಡುವೆ ಖಾಲಿ ಜಾಗ ಮೂರು ಮೀಟರ್ ಇದ್ದರೂ ಅಲ್ಲಿ ಪಿಕ್ಸೆಲ್‌ಗಳಿಲ್ಲದ ಕಾರಣ ಅವೆರಡರ ಛಾಯೆ ಅಕ್ಕಪಕ್ಕವೇ ಬಂದು ಕೂರುತ್ತದೆ. ದೃಶ್ಯದಲ್ಲಿ ಏನೇನಿದೆ ಎಂದು ತಿಳಿಯಲು ಸರಿ, ಎಷ್ಟು ದೂರದಲ್ಲಿದೆ ಎಂದು ತಿಳಿಯಲು ಅಲ್ಲ.

ಕೊನೆಯದು ತಲೆಕೆಳಗು ವಿಧಾನ. ದೂರದ ಬದಲು ಒಂದನ್ನು ದೂರದಿಂದ ಭಾಗಿಸಿ ಬಂದದ್ದನ್ನು ಹಂಚುವುದು. ಇದನ್ನು ಜನ ಕಡಿಮೆ ಬಳಸುತ್ತಾರೆ, ಇದು ಹೆಚ್ಚಿನ ಗೌರವಕ್ಕೆ ಅರ್ಹ ಎಂದು ನನ್ನ ಅಭಿಪ್ರಾಯ. ಎರಡು ಕಣ್ಣಿನ ಸ್ಟೀರಿಯೋ ಕ್ಯಾಮೆರಾದಲ್ಲಿ ನಿಜವಾಗಿ ಅಳೆಯುವುದು ಎಡ ಬಲ ಚಿತ್ರಗಳ ನಡುವೆ ಒಂದೇ ಬಿಂದು ಎಷ್ಟು ಸರಿದಿದೆ ಎಂಬುದನ್ನು. ದೂರ ಅದರ ವಿಲೋಮ. ಹಾಗಾಗಿ ದೂರ ಎರಡು ಪಟ್ಟಾದರೆ ತಪ್ಪು ನಾಲ್ಕು ಪಟ್ಟಾಗುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಈ ಕ್ಯಾಮೆರಾಗಳ ಮಟ್ಟಿಗೆ ಉಲ್ಟಾ. ಹತ್ತಿರದ ಗೋಡೆ ನುಣ್ಣಗೆ, ದೂರದ್ದು ಕುದಿಯುವ ನೀರಿನಂತೆ ಕಂಪಿಸುತ್ತಿರುತ್ತದೆ. ದೂರದ ಆ ಕಂಪನಕ್ಕೆ ಛಾಯೆಗಳನ್ನು ಸುರಿಯುವುದು ದಂಡ. ಅದೇ 500ರಿಂದ 4500ರ ಮಿತಿಯಲ್ಲಿ ಲೆಕ್ಕ ಹಾಕಿ ನೋಡಿ. ಸರಳ ರೇಖೆಯಲ್ಲಿ ಒಂದು ಮೀಟರ್ ದೂರದ ವಸ್ತುವಿಗೆ 223ನೇ ಛಾಯೆ, ಎರಡು ಮೀಟರ್‌ಗೆ 159, ನಾಲ್ಕು ಮೀಟರ್‌ಗೆ 32. ವಿಲೋಮದಲ್ಲಿ ಅವೇ ದೂರಗಳಿಗೆ ಸುಮಾರು 112, 40 ಮತ್ತು 4. ಮೊದಲ ಅರ್ಧ ಮೀಟರ್ ಒಂದೇ ಅರ್ಧಕ್ಕಿಂತ ಹೆಚ್ಚು ಛಾಯೆಗಳನ್ನು ಬಾಚಿಕೊಳ್ಳುತ್ತದೆ. ಒಂದು ಮೀಟರ್‌ನಲ್ಲಿ ಛಾಯೆಗೆ 7 ಮಿಲಿಮೀಟರ್, ನಾಲ್ಕು ಮೀಟರ್‌ನಲ್ಲಿ ಛಾಯೆಗೆ 11 ಸೆಂಟಿಮೀಟರ್. ಕೈಸನ್ನೆ, ಮುಖ, ಮೇಜಿನ ಮೇಲಿನ ವಸ್ತು ಇವನ್ನು ನೋಡುವವರಿಗೆ ಇದು ವರ. ಕೋಣೆಯ ಆಚೆ ತುದಿಯನ್ನು ನೋಡಬೇಕಾದವರಿಗೆ ಅಲ್ಲಿ ಬರೀ ಕತ್ತಲು.

ಬೂದು ಬಿಟ್ಟು ಬಣ್ಣ ಹಚ್ಚಬಾರದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಹಚ್ಚಬಹುದು. ಆದರೆ ಹಳೆಯ ಜೆಟ್ ಬಣ್ಣಪಟ್ಟಿ ಹಳದಿ ಮತ್ತು ನೀಲಹಸಿರಿನ ಬಳಿ ಇಲ್ಲದ ಅಂಚುಗಳನ್ನು ಹುಟ್ಟಿಸುತ್ತದೆ. 2019ರಲ್ಲಿ ಗೂಗಲ್ ಹೊರತಂದ ಟರ್ಬೊ ಆ ದೋಷವನ್ನು ಬಹುಮಟ್ಟಿಗೆ ತಗ್ಗಿಸಿದೆ. ಬೂದಿನ ಬಲ ಬೇರೆ: ಅದು ಒಂದೇ ದಿಕ್ಕಿನಲ್ಲಿ ಹೋಗುತ್ತದೆ, ನೋಡುವವರಿಗೆ ಏನೂ ಕಲಿಸಿಕೊಡಬೇಕಾಗಿಲ್ಲ.

ಸೊನ್ನೆಗೆ ಯಾವ ಬಣ್ಣ?

ಹತ್ತಿರದ್ದು ಬಿಳಿ ಎಂದಿಟ್ಟುಕೊಂಡು ಸೂತ್ರವನ್ನು ಕಣ್ಣು ಮುಚ್ಚಿ ಹಾಕಿದರೆ ಸೊನ್ನೆ ಅಚ್ಚಬಿಳಿಯಾಗುತ್ತದೆ. ಗಾಜಿನ ಬಾಗಿಲು ಕ್ಯಾಮೆರಾದ ಮುಖಕ್ಕೇ ಅಂಟಿಕೊಂಡಂತೆ ಕಾಣುತ್ತದೆ. ಅದನ್ನು ಕಪ್ಪು ಮಾಡಿದರೆ ದೂರದ ಗೋಡೆಯೊಂದಿಗೆ ಬೆರೆತುಹೋಗುತ್ತದೆ. ಎರಡನೆಯದು ಕಡಿಮೆ ಕೆಟ್ಟದ್ದು, ಅಷ್ಟೇ.

ಸರಿಯಾದ ಉತ್ತರ ಬೂದಲ್ಲದ ಒಂದು ಬಣ್ಣ. ಅದಕ್ಕಾಗಿ ಒಂದು ಪಿಕ್ಸೆಲ್‌ಗೆ ನಾಲ್ಕು ಬೈಟ್ ತೆತ್ತು ಪೂರ್ಣ ಬಣ್ಣದ ಚಿತ್ರಕ್ಕೆ ಹೋಗಬೇಕಾಗಿಲ್ಲ. 8 ಬಿಟ್‌ನ ಪ್ಯಾಲೆಟ್ ಚಿತ್ರ, ಅಂದರೆ ಯಾವ ಅಂಕಿಗೆ ಯಾವ ಬಣ್ಣ ಎಂಬ ಪಟ್ಟಿ ಇರುವ ಚಿತ್ರ ಬಳಸಿ: 0ನೇ ಸ್ಥಾನಕ್ಕೆ ಕಡುನೀಲಿ, 1ರಿಂದ 255ರವರೆಗೆ ಬೂದು ಛಾಯೆಗಳು. ಕಳೆದುಕೊಂಡದ್ದು ಒಂದೇ ಛಾಯೆ, ತಪ್ಪಿದ್ದು ಬಳಕೆದಾರರ ಎಷ್ಟೋ ಗೊಂದಲ. ಕ್ಯಾಮೆರಾವನ್ನು ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವಾಗ ಈ ನೀಲಿ ತೇಪೆಗಳೇ ದಾರಿ ತೋರಿಸುತ್ತವೆ. ಇದೊಂದನ್ನು ಮಾತ್ರ ಯಾವ ಅಪ್ಲಿಕೇಶನ್‌ನಲ್ಲೂ ಬಿಡಬೇಡಿ ಎಂದು ನಾನು ಹಟ ಹಿಡಿಯುತ್ತೇನೆ.

ಲೆಕ್ಕ ಎಲ್ಲಿ ನಡೆಯಬೇಕು?

ಮೂರು ಜಾಗಗಳಿವೆ. ಪ್ರೊಸೆಸರ್‌ನಲ್ಲಿ 8 ಬಿಟ್‌ಗೆ ಇಳಿಸಿ ಕೊಡುವುದು. ಟೂಲ್‌ಕಿಟ್‌ಗೆ 16 ಬಿಟ್ಟನ್ನೇ ಕೊಟ್ಟು ನೋಡಿಕೋ ಎನ್ನುವುದು. ಗ್ರಾಫಿಕ್ಸ್ ಕಾರ್ಡ್‌ಗೆ ಕಳುಹಿಸಿ ಶೇಡರ್‌ನಲ್ಲಿ, ಅಂದರೆ ಆ ಕಾರ್ಡಿನಲ್ಲೇ ಓಡುವ ಪುಟ್ಟ ಪ್ರೋಗ್ರಾಮ್‌ನಲ್ಲಿ, ಬಣ್ಣ ಕಟ್ಟುವುದು.

ನಡುವಿನದು ಆಕರ್ಷಕವಾಗಿ ಕಾಣುತ್ತದೆ, ಆದರೆ ಬಹುತೇಕ ಸಲ ನಿರಾಸೆ. 16 ಬಿಟ್ ಬೂದು ಚಿತ್ರಕ್ಕೆ ಬಿಳಿ ಎಂದರೆ 65535. ನಿಮ್ಮ ನಾಲ್ಕು ಮೀಟರ್ 4000 ಮಾತ್ರ, ಅಂದರೆ ಪೂರ್ತಿ ಅಳತೆಯ ನೂರರಲ್ಲಿ ಆರು ಭಾಗ. ಚಿತ್ರ ಸಂಸ್ಕರಣೆಯ ಲೈಬ್ರರಿ ಓಪನ್‌ಸಿವಿಯಲ್ಲಿ ಚಿತ್ರ ತೋರಿಸುವ ಇಮ್‌ಶೋ 16 ಬಿಟ್ ಚಿತ್ರವನ್ನು 256ರಿಂದ ಭಾಗಿಸಿ ತೋರಿಸುತ್ತದೆ. 4000 ಅಲ್ಲಿ ಸುಮಾರು 16 ಆಗುತ್ತದೆ. ಮೊದಲ ಸಾಲಿನಲ್ಲಿ ಹೇಳಿದ ಕಗ್ಗತ್ತಲು ಇದೇ. ಎಲ್ಲವನ್ನೂ ಹದಿನಾರರಿಂದ ಗುಣಿಸಿ ಕೊಟ್ಟರೆ ಕಾಣುತ್ತದೆ ನಿಜ, ಆದರೆ ಗುಣಿಸುವ ಶ್ರಮ ಪಟ್ಟ ಮೇಲೆ 8 ಬಿಟ್‌ಗೇ ಇಳಿಸಬಹುದಿತ್ತಲ್ಲ! ಪರದೆ ಹೇಗೂ ಸಾಮಾನ್ಯವಾಗಿ 256 ಛಾಯೆಗಳನ್ನೇ ತೋರಿಸುವುದು.

ಮೊದಲನೆಯದೇ ನನ್ನ ಆಯ್ಕೆ, ಅದೂ ಕೋಷ್ಟಕದ ಮೂಲಕ. 65536 ಬೈಟ್‌ಗಳ ಒಂದು ಅರೇ ಮಾಡಿ, ಪ್ರತಿಯೊಂದು ಸಾಧ್ಯ ಅಂಕಿಗೂ ಅದರ ಛಾಯೆ ಏನೆಂದು ಮೊದಲೇ ಬರೆದಿಡಿ. ಸೊನ್ನೆಗೆ 0, ಮಿತಿಯೊಳಗಿನದಕ್ಕೆ ಸೂತ್ರ, ಹೊರಗಿನದಕ್ಕೆ ತುದಿಯ ಛಾಯೆ. ಫ್ರೇಮ್ ಬಂದಾಗ ಮಾಡಬೇಕಾದ್ದು ಪ್ರತಿ ಪಿಕ್ಸೆಲ್‌ಗೆ ಕೋಷ್ಟಕದಲ್ಲಿ ಒಂದು ಇಣುಕು. 640 ಅಡ್ಡ 480ರ ಫ್ರೇಮಿನಲ್ಲಿ 3,07,200 ಪಿಕ್ಸೆಲ್‌ಗಳು. ಸೆಕೆಂಡಿಗೆ 30 ಫ್ರೇಮ್ ಎಂದರೂ ಒಂದು ಕೋಟಿಗಿಂತ ಕಡಿಮೆ ಇಣುಕುಗಳು. ಇಂದಿನ ಯಾವ ಪ್ರೊಸೆಸರ್‌ಗೂ ಇದು ಲೆಕ್ಕಕ್ಕೇ ಇಲ್ಲ. ಸ್ಲೈಡರ್ ಸರಿಸಿದಾಗ ಮಾತ್ರ ಕೋಷ್ಟಕವನ್ನು ಮತ್ತೆ ತುಂಬಿ. ಸರಳ ರೇಖೆ, ವಿಲೋಮ, ಪಟ್ಟಿ ಎಲ್ಲವೂ ಕೋಷ್ಟಕದೊಳಗೇ ಬದಲಾಗುತ್ತವೆ, ಉಳಿದ ಕೋಡ್ ಮುಟ್ಟಬೇಕಾಗಿಲ್ಲ.

ಶೇಡರ್ ಯಾವಾಗ? ನಾಲ್ಕಾರು ಕ್ಯಾಮೆರಾಗಳು ಒಟ್ಟಿಗೆ 1280 ಅಡ್ಡ 720ರಲ್ಲಿ ಓಡುತ್ತಿದ್ದರೆ, ಅಥವಾ ಅದೇ ವಿಂಡೋದಲ್ಲಿ ಮೂರು ಆಯಾಮದ ಬಿಂದುಗಳನ್ನೂ ತಿರುಗಿಸಿ ತೋರಿಸಬೇಕಿದ್ದರೆ. ಅಂಥ ಒಂದು ಕ್ಯಾಮೆರಾ 30 ಫ್ರೇಮಿನಲ್ಲಿ ಸೆಕೆಂಡಿಗೆ ಸುಮಾರು 55 ಮೆಗಾಬೈಟ್ ಕಚ್ಚಾ ದತ್ತಾಂಶ ಸುರಿಯುತ್ತದೆ. ಆಗ 16 ಬಿಟ್‌ನ ಒಂಟಿ ಚಾನೆಲ್ ಟೆಕ್ಸ್ಚರ್ (ಗ್ರಾಫಿಕ್ಸ್ ಕಾರ್ಡಿನೊಳಗಿನ ಚಿತ್ರ) ಮಾಡಿ ಮಿತಿಗಳನ್ನು ಶೇಡರ್‌ಗೆ ಕೊಟ್ಟುಬಿಡಿ. ಎಚ್ಚರ ಇರಬೇಕಾದ್ದು ಹಿಗ್ಗಿಸುವಾಗ. ಸಾಮಾನ್ಯ ಲೀನಿಯರ್ ಫಿಲ್ಟರ್ ಅಕ್ಕಪಕ್ಕದ ಅಂಕಿಗಳನ್ನು ಬೆರೆಸುತ್ತದೆ: ಒಂದು ಮೀಟರ್‌ನ ಕೈ, ಮೂರು ಮೀಟರ್‌ನ ಗೋಡೆ, ಇವೆರಡರ ನಡುವಿನ ಅಂಚಿನಲ್ಲಿ ಎರಡು ಮೀಟರ್‌ನ ಒಂದು ದೆವ್ವ ಹುಟ್ಟುತ್ತದೆ. ಸೊನ್ನೆಯೊಂದಿಗೆ ಬೆರೆತರೆ ಇನ್ನೂ ಕೆಟ್ಟದು. ನಿಯರೆಸ್ಟ್ ಫಿಲ್ಟರ್ ಇಡಿ, ಪಿಕ್ಸೆಲ್‌ಗಳು ಚೌಕ ಚೌಕವಾಗಿ ಕಂಡರೂ ಸರಿ, ಅವು ಸುಳ್ಳು ಹೇಳುವುದಿಲ್ಲ. ಇದೇ ಮಾತು ವಿಂಡೋಸ್‌ನ ಟೂಲ್‌ಕಿಟ್ ಆದ ಡಬ್ಲ್ಯುಪಿಎಫ್‌ನ ಚಿತ್ರ ಹಿಗ್ಗಿಸುವ ಸೆಟ್ಟಿಂಗ್‌ಗೂ ಅನ್ವಯಿಸುತ್ತದೆ.

ಟೂಲ್‌ಕಿಟ್‌ಗಳ ಗುಣಾವಗುಣ

ಡಬ್ಲ್ಯುಪಿಎಫ್‌ನಲ್ಲಿ ರೈಟಬಲ್‌ಬಿಟ್‌ಮ್ಯಾಪ್ ಒಂದನ್ನು ಆರಂಭದಲ್ಲೇ ಮಾಡಿಕೊಂಡು ಪ್ರತಿ ಫ್ರೇಮಿಗೂ ಅದರ ಮೇಲೆಯೇ ಬರೆಯುವುದು ಉತ್ತಮ. ಬರಿ ಬೂದಿಗೆ ಗ್ರೇ8, ನೀಲಿ ಸೊನ್ನೆಗೆ ಇಂಡೆಕ್ಸ್ಡ್8. ಪ್ರತಿ ಸಲ ಹೊಸ ಬಿಟ್‌ಮ್ಯಾಪ್, ಹೊಸ ಬೈಟ್ ಅರೇ ಮಾಡುವ ಮಾದರಿಗಳು ಬಹಳ ಹರಿದಾಡುತ್ತವೆ. ಡಾಟ್‌ನೆಟ್‌ನಲ್ಲಿ 85,000 ಬೈಟ್ ಮೀರಿದ ಅರೇ ದೊಡ್ಡ ವಸ್ತುಗಳ ಹೀಪ್‌ಗೆ (ಮೆಮೊರಿಯ ಪ್ರತ್ಯೇಕ ಜಾಗಕ್ಕೆ) ಹೋಗುತ್ತದೆ. ನಮ್ಮ ಫ್ರೇಮ್ ಮೂರು ಲಕ್ಷ ಬೈಟ್ ದಾಟಿದೆ. ಸೆಕೆಂಡಿಗೆ ಮೂವತ್ತು ಅಂಥವನ್ನು ಎಸೆಯುತ್ತ ಹೋದರೆ ಕಸ ಗುಡಿಸುವಾಗಲೆಲ್ಲ ಚಿತ್ರ ಮುಗ್ಗರಿಸುತ್ತದೆ. ಅರೇಯನ್ನು ಒಮ್ಮೆ ಮಾಡಿ, ಮತ್ತೆ ಮತ್ತೆ ಬಳಸಿ.

ವಿಂಡೋಸ್‌ನ ಹಳೆಯ ಟೂಲ್‌ಕಿಟ್ ವಿನ್‌ಫಾರ್ಮ್ಸ್‌ನಲ್ಲಿ ಒಂದು ಬಲೆ ಇದೆ. 16 ಬಿಟ್ ಬೂದು ಎಂಬ ಪಿಕ್ಸೆಲ್ ಮಾದರಿ ಪಟ್ಟಿಯಲ್ಲಿ ಕಾಣುತ್ತದೆ, ಆದರೆ ಅದರ ಚಿತ್ರ ಬಿಡಿಸುವ ಭಾಗವಾದ ಜಿಡಿಐ ಪ್ಲಸ್ ಅದನ್ನು ತೆರೆಯ ಮೇಲೆ ಬಿಡಿಸುವುದಿಲ್ಲ. ದೋಷ ಸಂದೇಶ ಎಸೆದು ನಿಲ್ಲುತ್ತದೆ. 8 ಬಿಟ್ ಪ್ಯಾಲೆಟ್ ಚಿತ್ರವೇ ಗತಿ. ಅದರ ಹುಟ್ಟು ಪ್ಯಾಲೆಟ್ ಬೂದಲ್ಲ, ಹಾಗಾಗಿ ಮೊದಲು ಬಣ್ಣದ ಜಾತ್ರೆ ಕಾಣುತ್ತದೆ. ಪ್ಯಾಲೆಟ್ ಕೇಳಿದರೆ ಸಿಗುವುದು ಅದರ ಪ್ರತಿ. ಅದನ್ನು ತಿದ್ದಿ ಮತ್ತೆ ಚಿತ್ರಕ್ಕೆ ಒಪ್ಪಿಸದಿದ್ದರೆ ಏನೂ ಬದಲಾಗದು.

ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುವ ಟೂಲ್‌ಕಿಟ್ ಕ್ಯೂಟ್‌ನಲ್ಲಿ 8 ಬಿಟ್ ಬೂದು ಮಾದರಿ 5.5ನೇ ಆವೃತ್ತಿಯಿಂದ, 16 ಬಿಟ್‌ನದು 5.13ರಿಂದ ಇದೆ. ಅದರ ಚಿತ್ರ ವಸ್ತು ಕ್ಯೂಇಮೇಜ್‌ಗೆ ಹೊರಗಿನ ಬಫರ್ ಕೊಟ್ಟರೆ ಅದು ನಕಲು ಮಾಡಿಕೊಳ್ಳುವುದಿಲ್ಲ, ಬೆರಳು ತೋರಿಸುತ್ತದಷ್ಟೇ. ಕ್ಯಾಮೆರಾದ ಲೈಬ್ರರಿ ಆ ಬಫರನ್ನು ಮುಂದಿನ ಫ್ರೇಮಿಗೆ ಬಳಸಿಕೊಂಡಾಗ ಚಿತ್ರ ಅರ್ಧ ಹೊಸದು ಅರ್ಧ ಹಳೆಯದು. ಪೈಥಾನ್‌ನಿಂದ ಕ್ಯೂಟ್ ಬಳಸುವವರಿಗೆ ಇದು ಹಠಾತ್ ಕುಸಿತವಾಗಿಯೂ ಎದುರಾಗುತ್ತದೆ.

ಎಲ್ಲರಿಗೂ ಸೇರಿದ ಇನ್ನೊಂದು ತೊಡಕು ಸಾಲಿನ ಉದ್ದ. ವಿನ್‌ಫಾರ್ಮ್ಸ್ ಬಿಟ್‌ಮ್ಯಾಪ್, ಕ್ಯೂಇಮೇಜ್ ಎರಡರಲ್ಲೂ ಒಂದು ಸಾಲು ನಾಲ್ಕು ಬೈಟ್‌ಗಳ ಗುಣಕವಾಗಿರಬೇಕು. 512, 640, 1280 ಎಲ್ಲ ನಾಲ್ಕರಿಂದ ಭಾಗವಾಗುವುದರಿಂದ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಯಾರೋ ಚಿತ್ರದ ಒಂದು ಭಾಗವನ್ನು ಕತ್ತರಿಸಿ ತೋರಿಸಲು ಹೋಗುತ್ತಾರೆ, ಅಗಲ 403. ಚಿತ್ರಕ್ಕೆ ಬೇಕಾದ್ದು 404. ಪ್ರತಿ ಸಾಲೂ ಒಂದು ಪಿಕ್ಸೆಲ್ ಜಾರುತ್ತ ಹೋಗಿ, ನೆಟ್ಟಗೆ ನಿಂತ ಕಂಬ 45 ಡಿಗ್ರಿ ವಾಲಿ ಬೀಳುತ್ತದೆ. ಸಾಲು ಸಾಲಾಗಿ ನಕಲು ಮಾಡಿ, ಅಥವಾ ಸಾಲಿನ ಉದ್ದವನ್ನು ಸ್ಪಷ್ಟವಾಗಿ ತಿಳಿಸಿ. ಓಪನ್‌ಜಿಎಲ್‌ನ ಟೆಕ್ಸ್ಚರ್‌ಗೂ ಇದೇ ನಾಲ್ಕರ ವಾಡಿಕೆ ಇದೆ, ಅಲ್ಲಿ ಬದಲಿಸಬಹುದು.

ಓಪನ್‌ಸಿವಿಯ ವಿಂಡೋ ಪ್ರಯೋಗಕ್ಕೆ ಸಾಕು. ಕನ್ವರ್ಟ್‌ಟು ಬಳಸಿ 8 ಬಿಟ್‌ಗೆ ಇಳಿಸಿದರೆ ಮಿತಿ ಮೀರಿದ ಅಂಕಿಗಳನ್ನು ಅದು 0ಗೆ, 255ಕ್ಕೆ ಸರಿಯಾಗಿ ತಡೆಹಿಡಿಯುತ್ತದೆ. ಪೈಥಾನ್‌ನ ಅಂಕಿ ಲೈಬ್ರರಿ ನಮ್‌ಪೈಯ ಆಸ್‌ಟೈಪ್ ಹಾಗೆ ಮಾಡದೆ ಉಂಗುರಗಳನ್ನು ಕೊಡುತ್ತದೆ. ಪೈಥಾನ್‌ನ ನಕ್ಷೆ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಕನಿಷ್ಠ ಗರಿಷ್ಠ ಹಿಗ್ಗಿಸುವುದರಿಂದ ಒಂದೇ ಫ್ರೇಮನ್ನು ಪರೀಕ್ಷಿಸಲು ಹಿತ, ನೇರ ಪ್ರಸಾರಕ್ಕೆ ನಿಧಾನ.

ಯಾವ ಟೂಲ್‌ಕಿಟ್ ಆದರೂ ಕ್ಯಾಮೆರಾ ಓದುವ ಕೆಲಸ ಬೇರೆ ಥ್ರೆಡ್‌ನಲ್ಲಿರಲಿ, ಪರದೆಯ ಥ್ರೆಡ್ ತಯಾರಾದಾಗ ಇತ್ತೀಚಿನ ಒಂದು ಫ್ರೇಮನ್ನು ಮಾತ್ರ ಎತ್ತಿಕೊಳ್ಳಲಿ. ಹಳೆಯವನ್ನು ಸಾಲುಗಟ್ಟಿಸಿದರೆ ಕೈ ಬೀಸಿ ಎರಡು ಸೆಕೆಂಡ್ ಆದ ಮೇಲೆ ಪರದೆಯ ಮೇಲಿನ ಕೈ ಬೀಸುತ್ತದೆ.

ಉಳಿಸುವಾಗ, ತೋರಿಸುವಾಗ

ಬೂದು ಚಿತ್ರ ಕಣ್ಣಿಗೆ, ಕಚ್ಚಾ ಅಂಕಿ ಲೆಕ್ಕಕ್ಕೆ. ಇವೆರಡನ್ನೂ ಎಂದೂ ಒಂದೇ ಬಫರ್‌ನಲ್ಲಿ ಇಡಬೇಡಿ. ಉಳಿಸುವ ಗುಂಡಿ ಒತ್ತಿದಾಗ ಹೋಗಬೇಕಾದ್ದು ಮೂಲ 16 ಬಿಟ್. ಅದಕ್ಕೆ 16 ಬಿಟ್ ಬೂದನ್ನು ಒಪ್ಪುವ ಪಿಎನ್‌ಜಿ ಸರಿಯಾದ ಕಡತ. ಜೆಪೆಗ್ 8 ಬಿಟ್‌ಗೆ ಇಳಿಸಿ, ಅಂಚುಗಳನ್ನು ಕದಡಿ ಕೊಡುತ್ತದೆ. ಅಳತೆ ಏನೆಂಬುದನ್ನೂ ಜೊತೆಗೆ ಬರೆದಿಡಿ. ಸಂಶೋಧಕರು ಬಹಳ ಬಳಸುವ ಟಿಯುಎಂ ಆರ್‌ಜಿಬಿ-ಡಿ ದತ್ತಾಂಶದ ಪಿಎನ್‌ಜಿಗಳಲ್ಲಿ 5000 ಎಂದರೆ ಒಂದು ಮೀಟರ್. ಅದನ್ನು ಮಿಲಿಮೀಟರ್ ಎಂದು ಓದಿದರೆ ಕೋಣೆ ಐದು ಪಟ್ಟು ದೊಡ್ಡದಾಗುತ್ತದೆ.

ಕಚ್ಚಾ ಅಂಕಿ ಕೈಯಲ್ಲಿದ್ದರೆ ಮೌಸ್ ಇರುವ ಜಾಗದ ದೂರವನ್ನು ಕೆಳಗಿನ ಪಟ್ಟಿಯಲ್ಲಿ ಮಿಲಿಮೀಟರ್‌ನಲ್ಲಿ ತೋರಿಸುವುದು ಎರಡು ಸಾಲಿನ ಕೆಲಸ. ಬೂದಿನ ಯಾವ ವಿಧಾನವನ್ನು ಆರಿಸಿದಿರಿ ಎಂಬುದಕ್ಕಿಂತ ಬಳಕೆದಾರರು ಇದನ್ನೇ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ.

ಎಲ್ಲ ಮುಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಹೊಳಪಿಲ್ಲದ ಒಂದು ರಟ್ಟಿನ ಹಾಳೆಯನ್ನು ಕ್ಯಾಮೆರಾಕ್ಕೆ ಎದುರಾಗಿ ಹಿಡಿದು, ಹತ್ತಿರದಿಂದ ಕೋಣೆಯ ತುದಿಯವರೆಗೆ ನಿಧಾನವಾಗಿ ಹಿಂದೆ ನಡೆಯಿರಿ. ಮತ್ತೊಬ್ಬರು ಪರದೆ ನೋಡುತ್ತಿರಲಿ. ರಟ್ಟು ಆರಂಭದಲ್ಲಿ ನೀಲಿಯಾಗಿರಬೇಕು, ಕನಿಷ್ಠ ದೂರ ದಾಟಿದ ಕೂಡಲೇ ಬೆಳ್ಳಗಾಗಬೇಕು, ಆಮೇಲೆ ಒಮ್ಮೆಯೂ ಹಿಂದಿರುಗದೆ ಮಂಕಾಗುತ್ತ ಹೋಗಬೇಕು. ನಡುವೆ ಎಲ್ಲಾದರೂ ತಟ್ಟನೆ ಬಿಳಿಗೆ ಜಿಗಿದರೆ ನೀವು ನಿಂತಿರುವ ಜಾಗದ ದೂರವನ್ನು ಅಳೆದು 256ರಿಂದ, 31ರಿಂದ ಭಾಗಿಸಿ ನೋಡಿ. ರಟ್ಟು ನಿಂತಲ್ಲೇ ಇದ್ದು ಹಿಂದಿನ ಗೋಡೆಯ ಬೂದು ಬದಲಾದರೆ ಎಲ್ಲೋ ಕನಿಷ್ಠ ಗರಿಷ್ಠ ತಾನಾಗಿ ಹಿಗ್ಗುತ್ತಿದೆ.